ನಡುವಿನ ಖುರ್ಚಿ

ಗೆಳೆಯರೇ, ಹಾಡು ಕೇಳುವುದರಲ್ಲೂ ಜಾಗದ ಜಗಳ ಇದೆ ಅಂದರೆ ನೀವು ನಗಬಹುದು. ಭೂಮಿ, ಕೂಲಿ, ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು ಇಷ್ಟೆಲ್ಲ ಇರುವಾಗ ಸ್ಟೀರಿಯೋ ಸೆಟ್ಟಿನ ಮುಂದೆ ಯಾರು ಎಲ್ಲಿ ಕೂರಬೇಕು ಅನ್ನುವುದೂ ಒಂದು ಪ್ರಶ್ನೆಯೇ ಅಂತ ಕೇಳಬಹುದು. ಕೇಳಿ. ಆದರೆ ಈ ದೇಶದಲ್ಲಿ ಮನುಷ್ಯನ ಜಾತಿ ಅವನ ಬಾಯಿಂದ ಹೊರಡುವುದಕ್ಕೆ ಮೊದಲೇ ಅವನು ಕೂತ ಜಾಗದಿಂದ ಹೊರಡುತ್ತದೆ. ಬಾಬಾಸಾಹೇಬರು ಹುಡುಗರಾಗಿದ್ದಾಗ ಶಾಲೆಯ ಮೂಲೆಯಲ್ಲಿ, ಬೇರೆಯೇ ಒಂದು ಗೋಣಿತಟ್ಟಿನ ಮೇಲೆ ಕೂತು ಪಾಠ ಕೇಳಿದರು. ಪಾಠ ಎಲ್ಲರಿಗೂ ಒಂದೇ. ಕೇಳುವ ಜಾಗ ಮಾತ್ರ ಬೇರೆ. ಆದ್ದರಿಂದ ಕೇಳುವ ಜಾಗದ ಬಗ್ಗೆ ಮಾತಾಡೋಣ.

ಈ ಬರಹದಲ್ಲಿ ನಾವು ಅಂದರೆ ಅತ್ತಿವೇರಿಯ ಒಂದು ಮನೆ. ಮುಂಡಗೋಡ ತಾಲ್ಲೂಕಿನ ಊರು ಇದು, ಹುಬ್ಬಳ್ಳಿಗೆ ಸುಮಾರು 40 ಕಿಲೋಮೀಟರು. ಅಪ್ಪ ಗೌಂಡಿ ಕೆಲಸ, ಅವ್ವ ಗೋವಿನಜೋಳದ ಹೊಲಕ್ಕೆ ಕೂಲಿ. ಡಿಗ್ರಿ ಕಾಗದ ಈ ಮನೆಯ ಹೊಸ್ತಿಲು ದಾಟಿದ್ದು ನಮ್ಮ ಕಾಲಕ್ಕೇ ಮೊದಲು. ಊರ ಮಗ್ಗುಲಲ್ಲಿ ಕೆರೆಯಂಥ ಜಲಾಶಯ, ಅದರ ಸುತ್ತ 2.23 ಚದರ ಕಿಲೋಮೀಟರಿನ ಪಕ್ಷಿಧಾಮ. ನೀರುಕಾಗೆ, ಚಮಚದ ಕೊಕ್ಕಿನ ಹಕ್ಕಿ ನೋಡಲು ಪಟ್ಟಣದವರು ದುರ್ಬೀನು ಕೊರಳಿಗೆ ಹಾಕಿಕೊಂಡು ಬರುತ್ತಾರೆ. ಬಂದವರು ಮೊದಲು ಕೇಳುವ ಮಾತು: "ಎಲ್ಲಿ ನಿಂತರೆ ಚೆನ್ನಾಗಿ ಕಾಣ್ತದೆ?" ಒಳ್ಳೆಯ ಜಾಗ ಒಂದು ಇರುತ್ತದೆ, ಅದು ತಮ್ಮದು ಅಂತ ಅವರಿಗೆ ಗೊತ್ತು. ನಮ್ಮ ಮಂದಿ ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರಿಗೂ ಕೇಳಿದ್ದು ನಾವು ಕಾಣೆವು.

ಅತಿಥಿ ಶಿಕ್ಷಕರ ಗೌರವಧನ ಮೂರು ತಿಂಗಳದ್ದು ಒಮ್ಮೆಲೇ ಬಂದಾಗ ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯಿಂದ ಒಂದು ಆಂಪ್ಲಿಫಯರು, ಎರಡು ಮರದ ಸ್ಪೀಕರ್ ಬಾಕ್ಸು ತಂದೆವು. (ಅತಿಥಿ ಅನ್ನುವ ಪದಕ್ಕೆ ಶಾಲೆಯಲ್ಲಿ ಬೇರೆ ಅರ್ಥ ಇದೆ. ಸ್ಟಾಫ್ ರೂಮಿನಲ್ಲಿ ಖುರ್ಚಿ ಕಮ್ಮಿ ಬಿದ್ದರೆ ಮೊದಲು ಏಳಬೇಕಾದವನು ಅತಿಥಿ. ಮೇಷ್ಟ್ರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.) ಫೋನಿಗೆ ವೈರು ಸಿಕ್ಕಿಸಿ ಹಾಡು ಹಚ್ಚಿದೆವು. ನಮ್ಮದು ಸರ್ಕಾರ ಕಟ್ಟಿಸಿಕೊಟ್ಟ ಮನೆ, ಮುಂದಿನ ಕೋಣೆ ಹತ್ತಡಿಗೆ ಹನ್ನೆರಡಡಿ. ಬಾಕ್ಸುಗಳ ನಡುವೆ ಐದಡಿ ಬಿಟ್ಟೆವು. ಎದುರಿಗೆ ಐದಡಿ ದೂರದಲ್ಲಿ ಒಂದು ಪ್ಲಾಸ್ಟಿಕ್ ಖುರ್ಚಿ ಇಟ್ಟೆವು. ಆ ಖುರ್ಚಿಯದೇ ಈ ಕಥೆ.

ಸ್ಟೀರಿಯೋ ಹುಟ್ಟಿದ್ದೂ ಒಂದು ಅಸಮಾಧಾನದಿಂದ. 1931ರಲ್ಲಿ ಅಲನ್ ಬ್ಲಮ್ಲೈನ್ ಅನ್ನುವ ಇಂಗ್ಲೆಂಡಿನ ಎಂಜಿನಿಯರು ಹೆಂಡತಿಯ ಜೊತೆ ಸಿನಿಮಾಕ್ಕೆ ಹೋಗಿದ್ದನಂತೆ. ಪರದೆಯ ಮೇಲೆ ಮನುಷ್ಯ ಒಂದು ಕಡೆ ಇದ್ದಾನೆ, ಅವನ ಮಾತು ಇನ್ನೊಂದು ಕಡೆಯಿಂದ ಬರುತ್ತಿದೆ. ಅವನಿಗೆ ಅದು ಸರಿಬರಲಿಲ್ಲ. ಮನುಷ್ಯ ಎಲ್ಲಿದ್ದಾನೋ ಅವನ ದನಿಯೂ ಅಲ್ಲಿಂದಲೇ ಬರಬೇಕು ಅಂತ ಹಟ ಹಿಡಿದ. ಅದೇ ವರ್ಷದ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1942ರಲ್ಲಿ ರಾಡಾರ್ ಪರೀಕ್ಷೆಯ ವಿಮಾನ ಬಿದ್ದು ಸತ್ತಾಗ ಅವನಿಗೆ ಬರೇ 38 ವರ್ಷ. ಅವನ ಕನಸು ಸ್ಟೀರಿಯೋ ರೆಕಾರ್ಡಾಗಿ ಅಂಗಡಿಗೆ ಬಂದದ್ದು 1958ರ ಹೊತ್ತಿಗೆ. ಮನುಷ್ಯ ಇದ್ದಲ್ಲಿಂದಲೇ ಅವನ ದನಿ ಬರಬೇಕು ಅನ್ನುವ ಮಾತು ನಮಗೂ ಹಿಡಿಸಿತು. ಕೇರಿಯ ಮಾತನ್ನು ಕೇರಿಯವರೇ ಬರೆಯಬೇಕು ಅಂತ ನಾವು ಹೇಳುವುದೂ ಅದನ್ನೇ ಅಲ್ಲವೇ?

ಇದರ ಲೆಕ್ಕ ಸರಳ, ಎಂಟನೇ ಕ್ಲಾಸಿನ ಮಕ್ಕಳಿಗೂ ಹೇಳಬಹುದು. ಎರಡು ಬಾಕ್ಸು, ಒಬ್ಬ ಕೇಳುವವನು. ಮೂವರೂ ಸೇರಿ ಸಮಭುಜ ತ್ರಿಕೋನ. ಒಂದೇ ದನಿ ಎರಡೂ ಬಾಕ್ಸಿನಿಂದ ಒಂದೇ ಹೊತ್ತಿಗೆ, ಒಂದೇ ಜೋರಿನಲ್ಲಿ ಕಿವಿಗೆ ಬಂದರೆ ನಮ್ಮ ಮಿದುಳು ಹಾಡುವಾಕೆಯನ್ನು ನಟ್ಟನಡುವೆ ತಂದು ಕೂರಿಸುತ್ತದೆ. ಅಲ್ಲಿ ಬರೇ ಗೋಡೆ ಇರುತ್ತದೆ. ಆದರೂ ಆಕೆ ಅಲ್ಲೇ ಕೂತು ಹಾಡುತ್ತಾಳೆ. ತಬಲಾ ಒಂದು ಬದಿ, ಪೇಟಿ ಇನ್ನೊಂದು ಬದಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರು ಓಡುತ್ತದೆ. ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಸುಮಾರು 34 ಸೆಂಟಿಮೀಟರು, ಅಂದರೆ ಮುಕ್ಕಾಲು ಮೊಳ. ಒಂದು ಬಾಕ್ಸಿನ ದನಿ ಅಷ್ಟು ಮುಂಚೆ ಬಂದರೆ ಸಾಕು, ಹಾಡುವಾಕೆ ನಡುವಿನಿಂದ ಎದ್ದು ಆ ಬಾಕ್ಸಿನೊಳಗೆ ಹೊಕ್ಕುಬಿಡುತ್ತಾಳೆ. ನಮ್ಮ ಕೋಣೆಯ ತ್ರಿಕೋನದಲ್ಲಿ ಖುರ್ಚಿಯಿಂದ ಪಕ್ಕಕ್ಕೆ ಮುಕ್ಕಾಲು ಮೊಳ ಸರಿದರೆ ಅಷ್ಟು ಅಂತರ ಆಗಿಯೇಹೋಗುತ್ತದೆ. ಮುಕ್ಕಾಲು ಮೊಳದ ಆಚೆ ಕೂತವನಿಗೆ ಹಾಡು ಕೇಳಿಸುತ್ತದೆ, ಹಾಡುವಾಕೆ ಸಿಗುವುದಿಲ್ಲ.

ಈ ಸ್ಥಿತಿ ನಮ್ಮವರಿಗೆ ಹೊಸದೇನಲ್ಲ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ. ನಮ್ಮ ಅಜ್ಜ ಹುಡುಗನಾಗಿದ್ದಾಗಲೇ ಬೇರೆ ಊರಿನ ಒಂದು ದೊಡ್ಡ ಮನೆಯಲ್ಲಿ ಜೀತಕ್ಕಿದ್ದ. ರೇಡಿಯೋ ಪಡಸಾಲೆಯಲ್ಲಿ. ಮನೆಯವರು ಅದರ ಮುಂದೆ ಜಮಖಾನೆ ಹಾಸಿ ಕೂರುವವರು, ಊರ ಮೇಲ್ಜಾತಿಯವರು ಕಟ್ಟೆಯ ಮೇಲೆ, ಉಳಿದವರು ಅಂಗಳದಲ್ಲಿ. ಅಜ್ಜ ದನದ ಕೊಟ್ಟಿಗೆಯಲ್ಲಿ. ಮಾನ್ಸೂರರ ದನಿಯನ್ನು ಅಜ್ಜ ಸಗಣಿ ಬಾಚುತ್ತಲೇ ಗುರುತು ಹಿಡಿದ. ಆದರೆ ರೇಡಿಯೋ ಅನ್ನುವ ವಸ್ತು ಹೇಗಿದೆ ಅಂತ ಎಷ್ಟೋ ವರ್ಷ ನೋಡಿರಲಿಲ್ಲ. ಜೀತ ನಿರ್ಮೂಲನೆ ಕಾಯಿದೆ 1976ರಲ್ಲಿ ಬಂತು. ಅಜ್ಜ ಕೊಟ್ಟಿಗೆಯಿಂದ ಹೊರಗೆ ಬಂದ. ಆದರೆ ಕೊಟ್ಟಿಗೆಯಿಂದ ಕೇಳುವ ರೂಢಿ ಅಜ್ಜನಿಂದ ಹೊರಗೆ ಬರಲಿಲ್ಲ. ಮುಂದೆ ಮನೆಯಲ್ಲೇ ಟೇಪ್ ರೆಕಾರ್ಡರು ಬಂದಾಗಲೂ ಗೋಡೆಯ ಆಚೆ, ಹಿತ್ತಲಲ್ಲಿ ಕೂತೇ ಕೇಳುತ್ತಿದ್ದ. "ಇಲ್ಲೇ ಛಲೋ ಕೇಳಸ್ತೈತಿ" ಅನ್ನುತ್ತಿದ್ದ.

ಈಗ ಖುರ್ಚಿಗೆ ಬರೋಣ. ಕವಿತೆ ಓದುವ ನೆಪ, ಸಂಘದ ಮೀಟಿಂಗಿನ ನೆಪ, ಸಂತೆಯ ನೆಪ, ಅಂತೂ ಭಾನುವಾರ ನಮ್ಮ ಮನೆಗೆ ಮಂದಿ ಬರುತ್ತಾರೆ. ಕಾಲೇಜಿನ ಗೆಳೆಯರು, ಪಕ್ಕದ ಊರಿನ ಮೇಷ್ಟ್ರು, ಸಿದ್ದಿ ಗೆಳೆಯರು, ನಮ್ಮ ಕೇರಿಯ ಹಿರಿಯರು. ಬಂದವರಿಗೆಲ್ಲ ನಾವು ಒಂದೇ ಮಾತು ಹೇಳಿದೆವು: "ಬರ್ರಿ, ಎಲ್ಲಿ ಬೇಕಾದಲ್ಲಿ ಕುಂದರ್ರಿ." ನೋಡಲು ಇದು ದೊಡ್ಡ ಉದಾರ ಮಾತು. ಆದರೆ ಆದದ್ದೇನು? ಹುಟ್ಟಿದಾಗಿನಿಂದ ನಡುವೆ ಕೂತು ಗೊತ್ತಿರುವವರು ನೆಟ್ಟಗೆ ಹೋಗಿ ನಡುವಿನ ಖುರ್ಚಿಯಲ್ಲಿ ಕೂತರು. ಅವರು ಕೆಟ್ಟವರಲ್ಲ. ಕಾಲು ತಾನಾಗಿ ಅಲ್ಲಿಗೆ ಹೋಗುತ್ತದೆ. ನಮ್ಮ ಕೇರಿಯವರು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತರು. ಅವರ ಕಾಲೂ ತಾನಾಗಿ ಅಲ್ಲಿಗೇ ಹೋಗುತ್ತದೆ. "ಮ್ಯಾಲ ಕುಂದ್ರು ಕಾಕಾ" ಅಂದರೆ "ನಮಗ್ಯಾಕೋ ತಮ್ಮಾ ಅದು, ಸರ್ ಕುಂದರ್ಲಿ ಬಿಡು" ಅನ್ನುತ್ತಾರೆ. ನಮ್ಮದೇ ಮನೆ, ನಮ್ಮದೇ ಸೆಟ್ಟು, ನಮ್ಮದೇ ಖುರ್ಚಿ. ಆದರೂ ಊರಿನ ನಕ್ಷೆ ಆ ಹತ್ತಡಿಯ ಕೋಣೆಯೊಳಗೆ ಹಾಗೇ ಬಂದು ಕೂತಿತ್ತು.

ಎಲ್ಲರಿಗೂ ಬಾಗಿಲು ತೆರೆದಿದೆ ಅಂದಮಾತ್ರಕ್ಕೆ ಎಲ್ಲರೂ ಒಳಗೆ ಬರುವುದಿಲ್ಲ ಅನ್ನುವುದನ್ನು ನಾವು ಸಂವಿಧಾನದ ಪಾಠದಲ್ಲಿ ಓದಿದ್ದೆವು. ಪರೀಕ್ಷೆಯಲ್ಲಿ ಹತ್ತು ಮಾರ್ಕಿಗೆ ಬರೆದೂ ಇದ್ದೆವು. ಮನೆಯಲ್ಲೂ ಅದನ್ನೇ ಹೂಡಿದೆವು. ಸರತಿ ಮಾಡಿದೆವು. ಒಬ್ಬರಿಗೆ ಎರಡು ಹಾಡು, ಆಮೇಲೆ ಏಳಬೇಕು. ಸರತಿ ಶುರುವಾಗುವುದು ಬಾಗಿಲ ಹತ್ತಿರ ಕೂತವರಿಂದ. ಬೇಡ ಅನ್ನುವ ಹಾಗಿಲ್ಲ. ಬೇಡ ಅಂದರೆ ಹಾಡೇ ಇಲ್ಲ, ಎಲ್ಲರೂ ಸುಮ್ಮನೆ ಕೂರುವುದು. ಎರಡು ನಿಮಿಷದ ಮೌನ ಯಾವ ಸಂಕೋಚವನ್ನೂ ಖುರ್ಚಿಗೆ ಏರಿಸುತ್ತದೆ.

ಒಂದು ದಿನ ಪಟ್ಟಣದ ಗೆಳೆಯರೊಬ್ಬರು ಬಂದಿದ್ದರು. ಏಳೆಂಟು ವರ್ಷ ಸಂಗೀತ ಕಲಿತವರು, ನಮ್ಮ ಮೇಲೆ ಪ್ರೀತಿ ಇರುವವರು. ಸರತಿ ನೋಡಿ ಅವರಿಗೆ ಇರಸುಮುರಸಾಯಿತು. "ಅಲ್ರೀ, ರಾಗ ಗೊತ್ತಿರೋರು ಅಲ್ಲಿ ಕೂತರೆ ಅದಕ್ಕೊಂದು ಅರ್ಥ. ಆ ಹಿರಿಯರಿಗೆ ಎಲ್ಲಿ ಕೂತರೂ ಅಷ್ಟೇ ಅಲ್ವಾ?" ಅಂದರು. ಅರ್ಹತೆಯ ಮಾತು! ಕಾಲೇಜು ಸೀಟಿನಿಂದ ಹಿಡಿದು ನೌಕರಿಯತನಕ ನಮ್ಮ ಬೆನ್ನ ಹಿಂದೆ ಬಂದ ಮಾತು ಪ್ಲಾಸ್ಟಿಕ್ ಖುರ್ಚಿಗೂ ಬಂತು. ನಾವು ಜಗಳಕ್ಕೆ ಹೋಗಲಿಲ್ಲ. ಸರತಿ ನಮ್ಮ ದೊಡ್ಡಪ್ಪನದಿತ್ತು.

ದೊಡ್ಡಪ್ಪ ನಲವತ್ತು ವರ್ಷ ಹಲಗೆ ಬಾರಿಸಿದವನು. ಹೆಣದ ಮುಂದೆ ಬಾರಿಸಿದ, ಜಾತ್ರೆಯಲ್ಲಿ ಬಾರಿಸಿದ, ಡಂಗುರಕ್ಕೆ ಬಾರಿಸಿದ. ಹಲಗೆಯನ್ನು ಬಿಡಬೇಕೋ, ಎತ್ತಿ ಹಿಡಿಯಬೇಕೋ ಅಂತ ನಮ್ಮ ಚಳವಳಿ ಬಹಳ ವಾದ ಮಾಡಿದೆ. ದೊಡ್ಡಪ್ಪ ಆ ವಾದಕ್ಕೆ ಬಂದವನಲ್ಲ. ಬಾರಿಸಿ ಬಾರಿಸಿ ಅವನ ಎಡಗಿವಿ ಮಂದವಾಗಿದೆ. 85 ಡೆಸಿಬಲ್ಲಿಗೆ ಮೇಲಿನ ಸದ್ದಿನಲ್ಲಿ ದಿನಕ್ಕೆ ಎಂಟು ತಾಸು ದುಡಿದರೆ ಕಿವಿ ಕೆಡುತ್ತದೆ ಅಂತ ಕಾರ್ಖಾನೆಗಳ ಲೆಕ್ಕ ಹೇಳುತ್ತದೆ. ಹಲಗೆಯವನ ಕಿವಿಗೆ ಲೆಕ್ಕ ಇಟ್ಟವರು ಯಾರು?

ದೊಡ್ಡಪ್ಪ ಖುರ್ಚಿಯ ತುದಿಗೆ ಕೂತ. ಹಾಡು ಹಚ್ಚಿದೆವು. ಸ್ವಲ್ಪ ಹೊತ್ತು ಕೇಳಿ, "ಆಕಿ ನಡಕ ಅದಾಳ ಅಂದ್ರಲ್ಲೋ, ಇಲ್ಲ ನೋಡು. ಬಲಕ್ಕ ಹೋಗ್ಯಾಳ" ಅಂದ. ನಿಜ. ಒಂದು ಕಿವಿ ಮಂದವಾದರೆ ಹಾಡುವಾಕೆ ಇನ್ನೊಂದು ಕಿವಿಯ ಕಡೆಗೆ ಜರುಗುತ್ತಾಳೆ. ಆಂಪ್ಲಿಫಯರಿನ ಮೇಲೆ ಬ್ಯಾಲೆನ್ಸ್ ಅನ್ನುವ ಒಂದು ತಿರುಪು ಇರುತ್ತದೆ. ಎಡಕ್ಕೆ ತಿರುಗಿಸಿದರೆ ಎಡ ಬಾಕ್ಸು ಜೋರು, ಬಲದ್ದು ಮೆಲ್ಲಗೆ. ಅದನ್ನು ಸಾವಕಾಶ ತಿರುಗಿಸಿದೆವು. ದೊಡ್ಡಪ್ಪ ಕಣ್ಣು ಮುಚ್ಚಿ ಬೆರಳಿನಿಂದ ಗೋಡೆಯ ಮೇಲೆ ಆಕೆಯನ್ನು ತೋರಿಸುತ್ತ ಬಂದ: "ಬಂದ್ಲು... ಬಂದ್ಲು... ಹಾಂ, ನಿಂತ್ಲು ನೋಡು."

ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಎಲ್ಲರಿಗೂ ಅದೇ ಖುರ್ಚಿ, ಅವೇ ಎರಡು ಹಾಡು. ಇದು ಸಮಾನತೆ ಅಂತ ಯಾರಾದರೂ ಒಪ್ಪುತ್ತಾರೆ. ಆದರೆ ದುಡಿದು ಕೆಟ್ಟ ಕಿವಿಗೆ ಆ ಖುರ್ಚಿಯಿಂದಲೂ ಹಾಡುವಾಕೆ ಸಿಗುವುದಿಲ್ಲ. ಅವಳು ಸಿಗಬೇಕಾದರೆ ತಿರುಪು ತಿರುಗಬೇಕು. ತಿರುಪು ತಿರುಗಿಸಿದಾಗ ಪಟ್ಟಣದ ಗೆಳೆಯರು "ಈಗ ಬ್ಯಾಲೆನ್ಸ್ ತಪ್ಪಿತು" ಅಂದರು. ಅವರ ಕಿವಿಗೆ ತಪ್ಪಿದ್ದು ಖರೆ. ದೊಡ್ಡಪ್ಪನ ಕಿವಿಗೆ ನಲವತ್ತು ವರ್ಷದ ಮೇಲೆ ಮೊದಲ ಸಲ ಸರಿಯಾಗಿತ್ತು. ಮೀಸಲಾತಿಯನ್ನು ಕಂಡು ತಕ್ಕಡಿ ಓರೆಯಾಯಿತು ಅನ್ನುವವರಿಗೆ ನಾವು ಇನ್ನು ಮೇಲೆ ಈ ತಿರುಪಿನ ಕಥೆಯನ್ನೇ ಹೇಳುತ್ತೇವೆ.

ದೊಡ್ಡಪ್ಪ ಏಳುವ ಮೊದಲು ಇನ್ನೊಂದು ಮಾತಂದ: "ಇಷ್ಟು ವರ್ಷ ಬಾರ್ಸಿದ್ವಿ. ನಮ್ಮ ಹಲಗಿ ಕೇಳೋರಿಗೆ ಹ್ಯಾಂಗ ಕೇಳಸ್ತಿತ್ತು, ನಮಗ ಗೊತ್ತಿಲ್ಲ ನೋಡು." ಮುಂದಿನ ವಾರ ಅಂಗಳದಲ್ಲಿ ಅವನಿಂದ ಬಾರಿಸಿ ಫೋನಿನಲ್ಲಿ ಹಿಡಿದೆವು. ಅವನನ್ನೇ ನಡುವಿನ ಖುರ್ಚಿಯಲ್ಲಿ ಕೂರಿಸಿ, ಅದೇ ತಿರುಪು ಇಟ್ಟು ಕೇಳಿಸಿದೆವು. ಅಳುತ್ತಾನೆ ಅಂದುಕೊಂಡಿದ್ದವರಿಗೆ ನಿರಾಸೆಯಾಯಿತು. ಅವನು ಹುಬ್ಬು ಗಂಟಿಕ್ಕಿ, "ಎಡಗೈ ಕಡ್ಡಿ ಹಿಂದ ಬೀಳಾಕತ್ತೈತಿ. ವಯಸ್ಸಾತು" ಅಂದ. ಆ ದಿನವೂ ಪಟ್ಟಣದ ಗೆಳೆಯರು ಇದ್ದರು. ಅವರಿಗೆ ಕಡ್ಡಿ ಹಿಂದೆ ಬಿದ್ದದ್ದು ಕೇಳಿಸಿರಲಿಲ್ಲ. ನಮಗೂ ಕೇಳಿಸಿರಲಿಲ್ಲ. ಇನ್ನೊಮ್ಮೆ ಹಚ್ಚಿ, ಅವನು ಬೆರಳೆತ್ತಿ ತೋರಿಸಿದ ಮೇಲೆ ಕೇಳಿಸಿತು. ಅರ್ಹತೆಯ ಮಾತು ಅಲ್ಲಿಗೆ ಮುಗಿಯಿತು.

ಇನ್ನು ಅವ್ವನ ವಿಷಯ. ಮನೆಗೆ ಅತಿಥಿಗಳು ಬಂದರು ಅಂದರೆ ಅವ್ವ ಒಲೆಯ ಮುಂದೆ ಹೋದಳು ಅಂತಲೇ ಅರ್ಥ. ಒಳ್ಳೆಯ ಜಾಗವನ್ನು ಅತಿಥಿಗೆ ಬಿಟ್ಟುಕೊಟ್ಟೆವು ಅಂತ ಗಂಡಸರು ಹೇಳಿಕೊಳ್ಳುವಾಗ, ಅದರ ಬೆಲೆ ಅಡಿಗೆ ಕೋಣೆಯಲ್ಲಿ ತೆತ್ತಾಗಿರುತ್ತದೆ. "ನನಗ ಒಲಿ ಮುಂದನ ಕೇಳಸ್ತೈತಿ" ಅನ್ನುತ್ತಾಳೆ ಅವ್ವ. ಅಜ್ಜ ಹಿತ್ತಲಿನಿಂದ ಹೇಳುತ್ತಿದ್ದುದೂ ಇದನ್ನೇ. ಆದ್ದರಿಂದ ಸರತಿಗೆ ಇನ್ನೊಂದು ಕಲಮು ಸೇರಿಸಿದೆವು: ಖುರ್ಚಿಯಿಂದ ಎದ್ದವರು ಚಹಾಕ್ಕೆ ಇಡಬೇಕು. ಅದರಿಂದ ಎರಡು ಕೆಲಸ ಆಯಿತು. ಒಂದು, ಅವ್ವ ಈಚೆ ಬಂದಳು. ಇನ್ನೊಂದು, ಯಾರು ಎಂಥವರು ಅಂತ ತಿಳಿಯಿತು. ನಮ್ಮ ಖುರ್ಚಿಯಲ್ಲಿ ಕೂತು, ನಮ್ಮ ಹಾಡು ಕೇಳಿ, ತಲೆದೂಗಿ, ಚಹಾ ಬಂದಾಗ "ಈಗಷ್ಟೇ ಕುಡಿದು ಬಂದ್ವಿ" ಅನ್ನುವ ಒಬ್ಬಿಬ್ಬರು ಇದ್ದರು. ಕಿವಿಗೆ ಮೈಲಿಗೆ ಇಲ್ಲ, ನಾಲಿಗೆಗೆ ಇದೆ. ಅಂಥವರು ಈಗ ಬರುವುದನ್ನು ಕಮ್ಮಿ ಮಾಡಿದ್ದಾರೆ. ಮೇಲ್ಜಾತಿಯ ಇಬ್ಬರು ಗೆಳೆಯರು ಮಾತ್ರ ನಮ್ಮ ಒಲೆಯ ಮುಂದೆ ಕೂತು, ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ಚಹಾ ಕಾಸಿ ಅವ್ವನಿಗೆ ಕೊಟ್ಟರು. ಅವ್ವ ನಡುವಿನ ಖುರ್ಚಿಯಲ್ಲಿ ಕೂತೇ ಕುಡಿದಳು. ಸಕ್ಕರೆ ಜಾಸ್ತಿಯಾಗಿದೆ ಅಂತಲೂ ಹೇಳಿದಳು.

ಸರತಿಯ ಜೊತೆಗೆ ಜಾಗವನ್ನೇ ಹಿಗ್ಗಿಸುವ ದಾರಿಗಳೂ ಇವೆ. ನಾವು ಮಾಡಿ ನೋಡಿದ್ದನ್ನು ಹೇಳುತ್ತೇವೆ, ಹಾಸ್ಟೆಲ್ಲಿನ ಹುಡುಗರಿಗೆ ಉಪಯೋಗ ಆದೀತು. ಒಂದು: ನಡುಗೆರೆಯ ಮೇಲೆ ಎಲ್ಲಿ ಕೂತರೂ ಎರಡು ಬಾಕ್ಸುಗಳಿಂದ ಸಮದೂರ. ಹಾಗಾಗಿ ಒಬ್ಬರ ಹಿಂದೆ ಒಬ್ಬರು ಕೂತರೆ ಮೂವರಿಗೂ ಹಾಡುವಾಕೆ ನಡುವೆಯೇ ಸಿಗುತ್ತಾಳೆ. ಮುಂದಿನವರ ತಲೆ ಅಡ್ಡ ಬರಬಾರದು, ಆದ್ದರಿಂದ ಮೊದಲನೆಯವರು ನೆಲಕ್ಕೆ, ಎರಡನೆಯವರು ಮಣೆಯ ಮೇಲೆ, ಮೂರನೆಯವರು ಖುರ್ಚಿಯ ಮೇಲೆ. ಇಲ್ಲಿ ನೆಲದವರಿಗೆ ಮುಂದಿನ ಜಾಗ. ಎರಡು: ಬಾಕ್ಸುಗಳಿಂದ ಹಿಂದೆ ಹಿಂದೆ ಹೋದಷ್ಟೂ ಪಕ್ಕಕ್ಕೆ ಸರಿದದ್ದರ ಪೆಟ್ಟು ಕಮ್ಮಿ. ಬಾಗಿಲು ತೆಗೆದು ಮಂದಿಯನ್ನು ಅಂಗಳಕ್ಕೆ ಬಿಟ್ಟರೆ ಇನ್ನಿಬ್ಬರು ಮೂವರು ಹಿಡಿಯುತ್ತಾರೆ. ಮೂರು: ಎಡದ ಬಾಕ್ಸಿನ ಮುಖವನ್ನು ಬಲಕ್ಕೆ ಕೂತವರ ಕಡೆಗೆ, ಬಲದ್ದರ ಮುಖವನ್ನು ಎಡಕ್ಕೆ ಕೂತವರ ಕಡೆಗೆ ತಿರುಗಿಸಬೇಕು. ಹತ್ತಿರದ ಬಾಕ್ಸು ಮುಂಚೆ ಕೇಳಿಸಿದರೂ ಮೆಲ್ಲಗೆ ಕೇಳಿಸುತ್ತದೆ, ದೂರದ್ದು ತಡವಾದರೂ ಜೋರು. ಹತ್ತಿರದವನು ಸ್ವಲ್ಪ ತಗ್ಗಿದರೆ ದೂರದವನ ಮಾತೂ ಕೇಳುತ್ತದೆ. ಇದನ್ನು ನಾವು ಸಭೆಗಳಲ್ಲೂ ಮಾಡಿ ನೋಡಬಹುದು.

ನಾಲ್ಕನೆಯದು ಹಳೇ ಹಾಡುಗಳಿಗೆ. ಸ್ಟೀರಿಯೋ ಬರುವ ಮುಂಚಿನ ಮುದ್ರಿಕೆಗಳಲ್ಲಿ ಎಡ ಬಲ ಇಲ್ಲ, ಇರುವುದು ಒಂದೇ ದನಿ. ಅದಕ್ಕೆ ಎರಡು ಬಾಕ್ಸು ಯಾಕೆ? ಒಂದನ್ನು ಬಂದ್ ಮಾಡಿ, ಇನ್ನೊಂದನ್ನು ನಡುವೆ ಇಟ್ಟು, ಸುತ್ತ ಕೂರುತ್ತೇವೆ. ಆಗ ಖುರ್ಚಿಯ ಗತ್ತು ಪೂರ್ತಿ ಹೋಗುತ್ತದೆ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಹಳೇ ರೆಕಾರ್ಡುಗಳನ್ನು ನಾವು ಹೀಗೇ ಕೇಳುವುದು. ಗಂಗೂಬಾಯಿ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯವರ ಎದುರಿಗೆ, ಹನ್ನೊಂದು ವರ್ಷದ ಶಾಲಾ ಹುಡುಗಿಯಾಗಿ ಸ್ವಾಗತಗೀತೆ ಹಾಡಿದರು. ಊಟ ಆದ ಮೇಲೆ ಎಂಜಲೆಲೆ ಎತ್ತಲು ತನಗೆ ಹೇಳುತ್ತಾರೇನೋ ಅನ್ನುವುದೇ ಆಗ ತನಗಿದ್ದ ಭಯ ಅಂತ ಮುಂದೆ ಅವರೇ ಹೇಳಿಕೊಂಡಿದ್ದಾರೆ. ಹಾಡಲು ವೇದಿಕೆಯ ನಡುವೆ ಜಾಗ, ಊಟಕ್ಕೆ ಕೂತಾಗ ಪಂಕ್ತಿಯ ಭಯ. 2009ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ದೇಶವೇ ಆ ದನಿಗೆ ತಲೆಬಾಗಿತ್ತು. ಆ ದನಿಯನ್ನು ಕೇಳುವಾಗ ಯಾರನ್ನೂ ಬಾಗಿಲಲ್ಲಿ ಕೂರಿಸಬಾರದು ಅನ್ನುವುದು ನಮ್ಮ ಹಟ.

ನಮ್ಮ ಸಿದ್ದಿ ಗೆಳೆಯರೊಬ್ಬರು ಈ ವ್ಯವಸ್ಥೆಯೆಲ್ಲ ನೋಡಿ ನಕ್ಕರು. "ನಮ್ಮ ಡಮಾಮಿಗೆ ಇಷ್ಟೆಲ್ಲ ತ್ರಾಸಿಲ್ಲ ಮಾರಾಯ್ರೆ. ಬಡಿಯುವವ ನಡುವೆ, ಉಳಿದವರು ಸುತ್ತ" ಅಂದರು. ಅವರ ಮಾತು ದೊಡ್ಡದು. ಮನುಷ್ಯರು ಸೇರಿ ಹಾಡುವಲ್ಲಿ ಒಳ್ಳೆಯ ಜಾಗ ಅಂತ ಬೇರೆ ಇರುವುದಿಲ್ಲ. ಆದರೆ ನಾವೀಗ ಯಂತ್ರಗಳ ಕಾಲದಲ್ಲಿದ್ದೇವೆ. ಯಂತ್ರ ಒಂದು ಒಳ್ಳೆಯ ಜಾಗವನ್ನು ಮಾಡಿಟ್ಟುಬಿಡುತ್ತದೆ. ಅಲ್ಲಿ ಯಾರು ಕೂರಬೇಕು ಅಂತ ಅದು ಹೇಳುವುದಿಲ್ಲ. ಅದನ್ನು ಹೇಳುವವರು ನಾವು. ನಾವು ಹೇಳದೆ ಸುಮ್ಮನಿದ್ದರೆ ಜಾತಿ ಹೇಳುತ್ತದೆ.

ಮೇಷ್ಟ್ರುಗಳೇ, ನಿಮ್ಮ ಕ್ಲಾಸಿನ ಮೊದಲ ಬೆಂಚಿನಲ್ಲಿ ಯಾರು ಕೂತಿದ್ದಾರೆ, ಬಾಗಿಲ ಹತ್ತಿರ ಯಾರು ಕೂತಿದ್ದಾರೆ, ನಾಳೆ ಒಮ್ಮೆ ನೋಡಿ. ಸಂಗಾತಿಗಳೇ, ನಮ್ಮದೇ ಸಭೆಗಳಲ್ಲಿ ಮೈಕಿನ ಹತ್ತಿರ ಯಾರು, ಚಾಪೆ ಹಾಸುವವರು ಯಾರು, ಚಹಾ ಕಾಸುವವರು ಯಾರು, ಅದನ್ನೂ ನೋಡಿ. "ಎಲ್ಲಿ ಬೇಕಾದಲ್ಲಿ ಕೂರಿ" ಅನ್ನುವ ಮಾತನ್ನು ಬಿಡೋಣ. ಸರತಿ ಮಾಡೋಣ, ಬಾಗಿಲಿನಿಂದ ಶುರುಮಾಡೋಣ, ಕೂತವರ ಕಿವಿ ನೋಡಿ ತಿರುಪು ತಿರುಗಿಸೋಣ. ಅತ್ತಿವೇರಿಗೆ ಬಂದರೆ ನಮ್ಮ ಮನೆಗೂ ಬನ್ನಿ. ಎರಡು ಹಾಡು ನಿಮ್ಮವು. ಆಮೇಲೆ ಚಹಾಕ್ಕೆ ಇಡಬೇಕು.